ಹಿಂಡು ಒಂದು, ಲೆಕ್ಕ ಹತ್ತು: ತೋಟದ ಮಂಗ ಮತ್ತು ಕಡಲಿನ ತೊರಕೆ

ಕೇರಳದ ಗಡಿಯ ನಮ್ಮ ಕಾಸರಗೋಡಿನ ಕಡೆ ತೋಟದವರು ಇಬ್ಬರು ಸೇರಿದರೆ ಮಳೆ, ಅಡಿಕೆ ಧಾರಣೆ ಎಲ್ಲ ಈಗ ಆಮೇಲಿನ ಮಾತು. ಮೊದಲು ಬರುವುದು ಮಂಗನ ಸುದ್ದಿ. “ನಿಮ್ಮಲ್ಲಿಗೆ ಬಂತಾ?” ಎಂದು ಕೇಳಿದರೆ ಸಾಕು, ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು ಎಲ್ಲ ಕಡೆಯೂ ಒಂದೇ ದೂರು. ಬೊಂಡ, ಅಂದರೆ ಎಳನೀರು, ಕಿತ್ತು ತೂತು ಮಾಡಿ ಎರಡು ಗುಟುಕು ಕುಡಿದು ಎಸೆಯುತ್ತದೆ. ಕೊಕ್ಕೋ ಕಾಯಿ ಒಡೆದು ಬೀಜದ ಮೇಲಿನ ಸಿಹಿ ಲೋಳೆ ಚೀಪುತ್ತದೆ. ಬಾಳೆಗೊನೆ ಬಲಿಯಲು ಬಿಡುವುದಿಲ್ಲ. ನನ್ನ ನೆರೆಮನೆಯ ಅಣ್ಣ ಕಳೆದ ಬೇಸಗೆಯಲ್ಲಿ ಬಿದ್ದ ಬೊಂಡಕ್ಕೆ ಒಂದರಂತೆ ಕೊಟ್ಟಿಗೆಯ ಗೋಡೆಗೆ ಇದ್ದಿಲಿನಲ್ಲಿ ಗೀಟು ಎಳೆಯುತ್ತಿದ್ದರು. ಶಿವರಾತ್ರಿ ಹೊತ್ತಿಗೆ ಗೋಡೆಯ ಒಂದು ಮಗ್ಗುಲು ತುಂಬಿತು. ಆಮೇಲೆ ಎಳೆಯುವುದನ್ನೇ ಬಿಟ್ಟರು. “ಲೆಕ್ಕ ಇಟ್ಟು ಯಾರಿಗೆ ತೋರಿಸಲಿಕ್ಕೆ ಮಾಷ್ಟ್ರೇ?” ಎಂದರು. ಪರಿಹಾರಕ್ಕೆ ಹಾಕಿದ ಅರ್ಜಿ ಎಲ್ಲಿ ಕೂತಿದೆ ಎಂದು ಅವರಿಗೆ ಈವರೆಗೂ ತಿಳಿದಿಲ್ಲ.

ಅದೇ ತೋಟದಿಂದ ಪಡುವಣಕ್ಕೆ ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಕಡಲು ಸಿಗುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರದ ಮೀನಿನ ಕಟ್ಟೆಗಳಲ್ಲಿ ಬೂತಾಯಿ, ಬಂಗುಡೆಯ ಪಕ್ಕ ಚಪ್ಪಟೆಯಾಗಿ ಬಿದ್ದಿರುವುದು ತೊರಕೆ. ತುಳುವಿನಲ್ಲಿ ತೊರ್ಕೆ, ಮಲೆಯಾಳದಲ್ಲಿ ತಿರಂಡಿ, ಇಂಗ್ಲಿಷಿನಲ್ಲಿ ಸ್ಟಿಂಗ್ ರೇ. ಅದರ ಬಗ್ಗೆ ಯಾರೂ ಸಭೆ ಕರೆಯುವುದಿಲ್ಲ, ಯಾವ ಪಂಚಾಯತಿನಲ್ಲೂ ನಿರ್ಣಯ ಆಗುವುದಿಲ್ಲ. “ತೊರಕೆ ಉಂಟಾ?” ಎಂದರೆ “ಉಂಟು” ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಈ ಎರಡು ಜೀವಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು ಎಂದು ನನಗೆ ಅನಿಸಿದ್ದು ಇತ್ತೀಚೆಗೆ. ಮಂಗ ಹೆಚ್ಚಾಗಿದೆ ಎಂದು ನಾವು ಖಂಡಿತವಾಗಿ ನಂಬಿದ್ದೇವೆ. ತೊರಕೆ ಯಾವಾಗಲೂ ಇದ್ದೇ ಇದೆ ಎಂದೂ ಅಷ್ಟೇ ಖಂಡಿತವಾಗಿ ನಂಬಿದ್ದೇವೆ. ಎರಡೂ ನಂಬಿಕೆ ಹುಟ್ಟಿದ್ದು ತಪ್ಪು ಎಣಿಕೆಯಿಂದ, ಮತ್ತು ಆ ತಪ್ಪುಗಳು ಒಂದಕ್ಕೊಂದು ತಿರುಗಾಮುರುಗ. ಮಂಗನ ಒಂದೇ ಹಿಂಡನ್ನು ಹತ್ತು ಮನೆಯವರು ಹತ್ತು ಹಿಂಡು ಎಂದು ಎಣಿಸುತ್ತೇವೆ. ತೊರಕೆಯ ಹತ್ತು ಜಾತಿಗಳನ್ನು ಒಂದೇ ಮೀನು ಎಂದು ಎಣಿಸುತ್ತೇವೆ.

ಮೊದಲು ಯಾವ ಮಂಗ, ಯಾವ ತೊರಕೆ ಎಂದು ಹೇಳಿಬಿಡುತ್ತೇನೆ. ತೋಟಕ್ಕೆ ಬರುವುದು ಬಾನೆಟ್ ಮಂಗ, ಶಾಸ್ತ್ರೀಯವಾಗಿ ಮಕಾಕಾ ರೇಡಿಯಾಟಾ. ಕಪ್ಪು ಮುಖದ ಮುಜು ಬೇರೆ, ಅದು ಈ ಲೆಕ್ಕಕ್ಕಿಲ್ಲ. ಬಾನೆಟ್ ಮಂಗನ ನೆತ್ತಿಯ ನಡುವಿನಿಂದ ಕೂದಲು ಸುಳಿಯಾಗಿ ಸುತ್ತಲೂ ಹರಡಿ ಟೋಪಿ ಇಟ್ಟಂತೆ ಕಾಣುತ್ತದೆ. 1812ರಲ್ಲಿ ಫ್ರೆಂಚ್ ವಿಜ್ಞಾನಿ ಜೆಫ್ರಾಯ್ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ದಕ್ಷಿಣ ಭಾರತದ ಪರ್ಯಾಯದ್ವೀಪ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಮಂಗ ಸ್ವಾಭಾವಿಕವಾಗಿ ಇಲ್ಲ. ಬೀದಿ ನಾಯಿಯಷ್ಟೇ ಸಾಮಾನ್ಯ ಎಂದು ನಾವು ತಿಳಿದ ಪ್ರಾಣಿ ನಮ್ಮ ಕಡೆ ಮಾತ್ರ ಇರುವಂಥದ್ದು.

ತೊರಕೆಗಳಲ್ಲಿ ನಾನು ಆರಿಸಿಕೊಂಡದ್ದು ಮೈಮೇಲೆ ಚಿರತೆಯಂತೆ ಒತ್ತೊತ್ತಾಗಿ ಚುಕ್ಕೆ, ಬಲೆಯಂಥ ಗೆರೆ ಇರುವ ದೊಡ್ಡ ಜಾತಿ, ಹಿಮಾಂಟುರಾ ಉವಾರ್ನಾಕ್. ಇಲ್ಲಿ ಅದನ್ನು ಚುಕ್ಕೆ ತೊರಕೆ ಎಂದು ಕರೆಯುತ್ತೇನೆ. ಗ್ರೀಕಿನಲ್ಲಿ ಹಿಮಾಂಟುರಾ ಎಂದರೆ ಚರ್ಮದ ಪಟ್ಟಿಯಂಥ ಬಾಲದ್ದು ಎಂದರ್ಥ. ನಮ್ಮ ಹಿರಿಯರಿಗೆ ಗ್ರೀಕ್ ಗೊತ್ತಿರಲಿಲ್ಲ, ಬಾಲ ಗೊತ್ತಿತ್ತು. ತಿರಂಡಿ ಬಾಲದ ಚಾಟಿಯ ಏಟಿನ ಮಾತು ಮಲೆಯಾಳ ಸೀಮೆಯಲ್ಲಿ ಈಗಲೂ ಕೇಳುತ್ತದೆ. ಬೆಳೆದ ಚುಕ್ಕೆ ತೊರಕೆಯ ಮೈ ಒಂದೂವರೆ ಮೀಟರಿನಷ್ಟು ಅಗಲ, ಬಾಲ ಅದರ ಎರಡು ಮೂರು ಪಟ್ಟು ಉದ್ದ.

ಒಂದಕ್ಕೆ ಗಟ್ಟಿ ಎಲುಬು, ಇನ್ನೊಂದಕ್ಕೆ ಎಲುಬೇ ಇಲ್ಲ, ಮೈಯೆಲ್ಲ ಮೃದ್ವಸ್ಥಿ. ಮಂಗ ಬದುಕುವುದು ಕಣ್ಣಿನ ಬಲದಿಂದ. ಹಣ್ಣಾದ ಬಾಳೆಯ ಬಣ್ಣವನ್ನು ಅದು ನಮ್ಮಂತೆಯೇ ಗುರುತಿಸುತ್ತದೆ. ತೊರಕೆಯ ಕಣ್ಣು ಬೆನ್ನ ಕಡೆ, ಬಾಯಿ ಹೊಟ್ಟೆಯ ಕಡೆ. ತಾನು ತಿನ್ನುವುದನ್ನು ತಾನೇ ನೋಡಲಾರದು. ಮರಳಿನಡಿ ಅಡಗಿದ ಏಡಿ, ಸಿಗಡಿಯ ಮೈಯಿಂದ ಹೊರಡುವ ಅತಿ ಸಣ್ಣ ವಿದ್ಯುತ್ತನ್ನು ಮೂತಿಯ ಸುತ್ತಲಿನ ಸಣ್ಣ ರಂಧ್ರಗಳಿಂದ ಹಿಡಿಯುತ್ತದೆ. ಮರಳಲ್ಲಿ ಹೂತು ಮಲಗಿದಾಗ ಬಾಯಿಗೆ ಮಣ್ಣು ಹೋಗದಂತೆ ಕಣ್ಣಿನ ಹಿಂದಿನ ತೂತಿನಿಂದ ನೀರು ಎಳೆದುಕೊಂಡು ಉಸಿರಾಡುತ್ತದೆ. ಇವೆರಡರ ಪೂರ್ವಜರು ಬೇರೆ ದಾರಿ ಹಿಡಿದು ನಲವತ್ತು ಕೋಟಿ ವರ್ಷಕ್ಕೂ ಮೇಲಾಯಿತು.

ಇಷ್ಟು ದೂರದ ಎರಡು ಜೀವಿಗಳು ಒಂದು ವಿಷಯದಲ್ಲಿ ಮಾತ್ರ ಅಕ್ಕತಂಗಿಯರಂತೆ ಇವೆ. ಅದು ಬಸಿರು ಮತ್ತು ಬಾಣಂತನ. ನನಗೆ ಇದು ಗೊತ್ತಾದದ್ದು ಪುಸ್ತಕದಿಂದಲ್ಲ.

ಒಂದು ಬೆಳಿಗ್ಗೆ ಮೀನು ತರಲು ಹೋದಾಗ, ನಾನು ಯಾವಾಗಲೂ ಕೊಳ್ಳುವ ಅಕ್ಕ ಒಂದು ತೊರಕೆಯನ್ನು ಹಲಗೆಯ ಮೇಲೆ ಮಗುಚಿ ಹಾಕಿ ಹೊಟ್ಟೆ ಸೀಳಿದರು. ಕತ್ತಿಯ ಹಿಂದೆಯೇ ಹಾಲಿನಂಥ ಬಿಳಿ ದ್ರವ ಒಸರಿತು. ಅದರ ಹಿಂದೆ ಎರಡು ಮರಿ. ರೆಕ್ಕೆಗಳನ್ನು ಒಳಕ್ಕೆ ಮಡಚಿ, ವೀಳ್ಯದೆಲೆ ಸುತ್ತಿದಂತೆ ಸುರುಳಿಯಾಗಿದ್ದವು. ಅಕ್ಕ ಒಂದನ್ನು ಬೆರಳಿನಿಂದ ಬಿಡಿಸಿದರು. ತಾಯಿಯ ಪೂರ್ತಿ ಆಕಾರ ಅಲ್ಲಿತ್ತು: ಅಂಗೈ ಅಗಲದ ಮೈ, ನೂಲಿನಂಥ ಬಾಲ, ಬಾಲದ ಬುಡದಲ್ಲಿ ತೆಳ್ಳಗೆ ಪೊರೆ ಮುಚ್ಚಿದ ಮುಳ್ಳು. ಹುಟ್ಟುವಾಗ ತಾಯಿಗೆ ಚುಚ್ಚಬಾರದೆಂದು ಆ ಪೊರೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಳಗೆ ಮರಿ ಉಂಟು ಎಂದು ಗೊತ್ತಾಗುವುದು ಕೊಯ್ದ ಮೇಲೆ ಮಾಷ್ಟ್ರೇ” ಎಂದರು.

ಆ ಬಿಳಿ ದ್ರವವನ್ನು ಗರ್ಭದ ಹಾಲು ಎನ್ನಬಹುದು. ತೊರಕೆಗೆ ನಮ್ಮಂತೆ ಮಾಸು ಇಲ್ಲ. ಮರಿ ಮೊದಲು ತನ್ನ ಮೊಟ್ಟೆಯ ಹಳದಿಯನ್ನು ತಿಂದು ಮುಗಿಸುತ್ತದೆ. ಆಮೇಲೆ ತಾಯಿಯ ಗರ್ಭಕೋಶದ ಒಳಗೋಡೆಯಿಂದ ಇಳಿಯುವ, ಕೊಬ್ಬು ಪ್ರೋಟೀನು ತುಂಬಿದ ಆ ದ್ರವವನ್ನು ಕುಡಿದು ಬೆಳೆಯುತ್ತದೆ. ಮೊಲೆಯಿಲ್ಲದ ಮೀನು ಒಳಗೇ ಹಾಲೂಡಿಸುತ್ತದೆ. ಚುಕ್ಕೆ ತೊರಕೆ ಒಂದು ಬಸಿರಿಗೆ ಹೆಚ್ಚೆಂದರೆ ಐದು ಮರಿ ಹಾಕುತ್ತದೆ. ಅದೇ ಕಡಲಿನ ಬೂತಾಯಿ ಒಂದು ಸಲಕ್ಕೆ ಹತ್ತಾರು ಸಾವಿರ ಮೊಟ್ಟೆ ಚೆಲ್ಲುತ್ತದೆ. ಒಂದು ವರ್ಷ ಕೈಕೊಟ್ಟ ಬೂತಾಯಿ ಮತ್ತೆ ಚೇತರಿಸಿಕೊಳ್ಳಬಹುದು. ತೊರಕೆಗೆ ಆ ಶಕ್ತಿ ಇಲ್ಲ.

ಇನ್ನೊಂದು ಸಂಗತಿ ಮೀನುಗಾರರಿಗೆ ಚೆನ್ನಾಗಿ ಗೊತ್ತು. ಬಲೆಗೆ ಬಿದ್ದ ಗಬ್ಬದ ತೊರಕೆ ಗಾಬರಿಗೆ ದೋಣಿಯಲ್ಲೇ ಅವಧಿಗೆ ಮುಂಚೆ ಮರಿ ಹಾಕಿಬಿಡುತ್ತದೆ. ಅವು ಬದುಕುವುದಿಲ್ಲ. ತಾಯಿಯನ್ನು ಮತ್ತೆ ನೀರಿಗೆ ಬಿಟ್ಟರೂ ಆ ವರ್ಷದ ಬಸಿರು ಹೋದಂತೆಯೇ.

ಮಂಗನದ್ದೂ ನಿಧಾನದ ಸಂಸಾರ. ಐದೂವರೆ ತಿಂಗಳ ಬಸಿರು, ಸಾಮಾನ್ಯವಾಗಿ ಒಂದೇ ಮರಿ, ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೆರಿಗೆ. ಅಂದರೆ ನಮ್ಮ ಬೊಂಡದ ಕಾಲಕ್ಕೂ ಹಾಲೂಡುವ ತಾಯಿಯ ಹಸಿವಿಗೂ ಸರಿಯಾಗಿ ತಾಳೆಯಾಗುತ್ತದೆ. ಮರಿ ಆರೇಳು ತಿಂಗಳು ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ. ಹೆಣ್ಣು ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತದೆ, ಗಂಡು ಬೆಳೆದ ಮೇಲೆ ಬೇರೆ ಹಿಂಡು ಹುಡುಕಿ ಹೋಗುತ್ತದೆ. ಗದ್ದಲ ಎಬ್ಬಿಸಿ ಓಡಿಸಿದಾಗ ಎರಡು ಕೆನ್ನೆಯ ಚೀಲಕ್ಕೂ ಸಿಕ್ಕಿದ್ದನ್ನು ತುರುಕಿಕೊಂಡು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಬೇಗ ಕದ್ದು ದೂರ ಕೂತು ನಿಧಾನಕ್ಕೆ ತಿನ್ನಲು ಆ ಚೀಲ. ಗರ್ನಾಲು ಪಟಾಕಿಗೆ ಅದು ಹೆದರದಿರುವುದಕ್ಕೆ ಅರ್ಧ ಕಾರಣ ಇದೇ: ಓಡಿದರೂ ಊಟ ಕೈತಪ್ಪುವುದಿಲ್ಲ.

ಹಾಗಾದರೆ ಮಂಗ ಹೆಚ್ಚಾಗಿದೆಯೇ? ಮೈಸೂರು ಸುತ್ತಿನ ರಸ್ತೆಬದಿಯ ಬಾನೆಟ್ ಮಂಗಗಳನ್ನು ವಿಜ್ಞಾನಿಗಳು ಕಾಲು ಶತಮಾನ ಎಣಿಸುತ್ತ ಬಂದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಆ ಅವಧಿಯಲ್ಲಿ ಅವುಗಳ ಸಂಖ್ಯೆ ಶೇಕಡ 65ಕ್ಕಿಂತ ಹೆಚ್ಚು ಕುಸಿದಿತ್ತು. ಮುಖ್ಯ ಕಾರಣಗಳಲ್ಲಿ ಒಂದು ರಸ್ತೆ ಅಗಲ ಮಾಡಲು ಆಲ, ಅತ್ತಿಯ ಹಳೆಯ ಸಾಲುಮರ ಕಡಿದದ್ದು. ಉಪದ್ರವ ಎಂದು ಊರಿಂದ, ದೇವಸ್ಥಾನದಿಂದ ಹಿಡಿದು ಸಾಗಿಸಿದ್ದು ಇನ್ನೊಂದು. ಇದಲ್ಲದೆ ಉತ್ತರದ ರೀಸಸ್ ಮಂಗ ವರ್ಷದಿಂದ ವರ್ಷಕ್ಕೆ ತೆಂಕಣಕ್ಕೆ ಸರಿಯುತ್ತ ಇದರ ಜಾಗ ಹಿಡಿಯುತ್ತಿದೆ. 2008ರಲ್ಲಿ ‘ಚಿಂತೆ ಬೇಡದ್ದು’ ಎಂಬ ಪಟ್ಟಿಯಲ್ಲಿದ್ದ ಬಾನೆಟ್ ಮಂಗವನ್ನು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2020ರಲ್ಲಿ ‘ಅಪಾಯಕ್ಕೆ ಈಡಾಗಬಹುದಾದದ್ದು’ ಎಂಬ ಪಟ್ಟಿಗೆ ಏರಿಸಿತು.

ಇದನ್ನು ನೆರೆಮನೆಯ ಅಣ್ಣನ ಮುಂದೆ ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ, ಅದು ನ್ಯಾಯವೂ ಹೌದು. ಗೋಡೆಯ ಗೀಟು ಸುಳ್ಳಲ್ಲ. ಆದರೆ ನಮ್ಮಲ್ಲೇ ಏನಾಯಿತು ನೋಡಿ. ತಲಪಾಡಿಯಿಂದ ಚೆಂಗಳದವರೆಗಿನ ಸುಮಾರು 39 ಕಿಲೋಮೀಟರು ಹೆದ್ದಾರಿ ಆರು ಪಥ ಆಗುವಾಗ ಎರಡೂ ಬದಿಯ ಮರಗಳು ಹೋದವು. ಗುಡ್ಡದ ನೇರಳೆ, ಹಲಸು, ಕಾಟುಮಾವು ಹೋಗಿ ರಬ್ಬರು ಬಂತು. ರಬ್ಬರು ತೋಟದಲ್ಲಿ ಮಂಗನಿಗೆ ತಿನ್ನಲು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹಿಂದೆ ಕಾಡಂಚಿನಲ್ಲಿ ದಿನ ಕಳೆಯುತ್ತಿದ್ದ ಇಪ್ಪತ್ತು ಮೂವತ್ತರ ಹಿಂಡು ಈಗ ಬೆಳಿಗ್ಗೆ ನಿಮ್ಮ ತೋಟ, ಮಧ್ಯಾಹ್ನ ನಮ್ಮ ತೋಟ, ಸಂಜೆ ಇನ್ನೊಬ್ಬರ ಹಟ್ಟಿಯ ಮಾಡು. ಮೂರು ಮನೆಯವರೂ ಪೇಟೆಯಲ್ಲಿ ಸೇರಿದಾಗ ಮೂರು ಹಿಂಡು ಆಗುತ್ತದೆ. ನಷ್ಟ ಹೆಚ್ಚಾದದ್ದು ನಿಜ, ಮಂಗ ಹೆಚ್ಚಾಯಿತು ಎಂಬುದು ಅದರಿಂದ ತಾನಾಗಿ ಸಿದ್ಧವಾಗುವುದಿಲ್ಲ. ಕೆಲವು ಪೇಟೆ, ಕ್ಷೇತ್ರಗಳ ಸುತ್ತ ತಿಂಡಿ ಹಾಕಿ ಸಾಕಿದಂತೆ ಆದ ಹಿಂಡುಗಳು ದೊಡ್ಡದಾಗಿವೆ, ಅದನ್ನು ಒಪ್ಪುತ್ತೇನೆ.

ತೊರಕೆಯ ಲೆಕ್ಕ ತಪ್ಪುವುದು ಬೇರೆ ರೀತಿ. ಕಟ್ಟೆಯ ಮೇಲೆ ಒಂದೇ ಹೆಸರಿನಡಿ ಬರುವ ಮೀನುಗಳಲ್ಲಿ ಊಟದ ತಟ್ಟೆಯಷ್ಟಕ್ಕೇ ಬೆಳೆದು ನಿಲ್ಲುವ ಸಣ್ಣ ಜಾತಿಗಳೂ ಇವೆ, ಬಾಗಿಲಿನಷ್ಟು ಅಗಲದ ಚುಕ್ಕೆ ತೊರಕೆಯೂ ಇದೆ. ಬೇಗ ಪ್ರಾಯಕ್ಕೆ ಬರುವ ಸಣ್ಣವು ಮೀನುಗಾರಿಕೆಯ ಹೊಡೆತವನ್ನು ಸ್ವಲ್ಪ ತಾಳಿಕೊಳ್ಳುತ್ತವೆ. ದೊಡ್ಡವು ತಾಳುವುದಿಲ್ಲ. ದೊಡ್ಡವು ಖಾಲಿಯಾದ ಜಾಗವನ್ನು ಬುಟ್ಟಿಯಲ್ಲಿ ಸಣ್ಣವು ತುಂಬುತ್ತವೆ. “ತೊರಕೆ ಉಂಟಾ?” “ಉಂಟು” ಎಂಬ ಪ್ರಶ್ನೋತ್ತರ ಮೊದಲಿನಂತೆಯೇ ನಡೆಯುತ್ತದೆ, ಒಳಗಿನ ಮೀನು ಮಾತ್ರ ಬದಲಾಗಿರುತ್ತದೆ. ಅಕ್ಕನನ್ನು ಕೇಳಿದೆ, ದೊಡ್ಡದು ಈಗ ಬರುವುದಿಲ್ಲವೇ ಎಂದು. “ನನ್ನ ಅತ್ತೆಯ ಕಾಲಕ್ಕೆ ಒಂದನ್ನು ಇಬ್ಬರು ಹಿಡಿದು ಎತ್ತುತ್ತಿದ್ದರಂತೆ. ನಾನು ಒಬ್ಬಳೇ ಎರಡು ಎತ್ತುತ್ತೇನೆ” ಎಂದರು.

ಚುಕ್ಕೆ ತೊರಕೆ ಈಗ ಅದೇ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ‘ಅಳಿವಿನಂಚಿನದ್ದು’. ಅಂದರೆ ಬಾನೆಟ್ ಮಂಗಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಅಪಾಯದಲ್ಲಿ. 2021ರಲ್ಲಿ ಜಗತ್ತಿನ ಶಾರ್ಕ್, ತೊರಕೆ ಬಳಗದ 1,199 ಜಾತಿಗಳನ್ನು ಅಳೆದಾಗ 391 ಜಾತಿಗಳು ಅಪಾಯದ ಪಟ್ಟಿಗೆ ಬಿದ್ದವು. ಕಾರಣ ಒಂದೇ ಮಾತಿನಲ್ಲಿ ಹೇಳಬಹುದು: ಮಿತಿಮೀರಿದ ಮೀನುಗಾರಿಕೆ. ತೊರಕೆಗೆಂದೇ ಬಲೆ ಬೀಸುವವರು ಕಡಿಮೆ. ಸಿಗಡಿಗೆ ಎಳೆಯುವ ಟ್ರಾಲ್ ಬಲೆ ತಳವನ್ನು ಗುಡಿಸಿಕೊಂಡು ಬರುವಾಗ ತಳದಲ್ಲಿ ಮಲಗಿದ್ದು ಬರುತ್ತದೆ.

ಕಾನೂನಿನ ವಿಷಯಕ್ಕೆ ಬರೋಣ. ಈಗ ಕೇರಳದಲ್ಲಿ ಬಿಸಿ ಏರಿರುವುದು ಇಲ್ಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಾನೆಟ್ ಮಂಗ ಮೊದಲು ಎರಡನೆಯ ಅನುಸೂಚಿಯಲ್ಲಿ, ಅಂದರೆ ರಕ್ಷಣೆಯ ಎರಡನೆಯ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿಯಲ್ಲಿ, ಅಂದರೆ 2023ರ ಏಪ್ರಿಲ್ 1ರಿಂದ, ಹುಲಿ ಆನೆಗಳ ಜೊತೆ ಒಂದನೆಯ ಅನುಸೂಚಿಗೆ ಏರಿತು. ಅದನ್ನು ಮತ್ತೆ ಎರಡಕ್ಕೆ ಇಳಿಸಿ ಎಂದು ಕೇರಳ ಸರಕಾರ ಕೇಂದ್ರವನ್ನು ಕೇಳಿದೆ. ಒಂದು, ಎರಡು ಎಂಬ ಅಂಕೆಯ ಜಗಳದ ಹಿಂದೆ ಇರುವುದು ಹನ್ನೊಂದನೆಯ ಸೆಕ್ಷನ್. ಒಂದನೆಯ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಲು ಮುಖ್ಯ ವನ್ಯಜೀವಿ ಪಾಲಕರು ಅನುಮತಿ ಕೊಡಬೇಕಾದರೆ ಅದು ಮನುಷ್ಯರ ಜೀವಕ್ಕೆ ಅಪಾಯ ತಂದಿರಬೇಕು, ಇಲ್ಲವೇ ಗುಣವಾಗದ ಗಾಯ, ರೋಗ ಇರಬೇಕು. ಎರಡನೆಯದರ ಪ್ರಾಣಿಯಾದರೆ ಆಸ್ತಿಗೆ, ನಿಂತ ಬೆಳೆಗೆ ಹಾನಿ ಮಾಡಿದರೂ ಸಾಕು. ಅರುವತ್ತೆರಡನೆಯ ಸೆಕ್ಷನ್ ಪ್ರಕಾರ ಕೇಂದ್ರ ‘ಉಪದ್ರವಕಾರಿ’ ಎಂದು ಘೋಷಿಸಬಹುದಾದದ್ದೂ ಎರಡನೆಯ ಅನುಸೂಚಿಯ ಪ್ರಾಣಿಯನ್ನು ಮಾತ್ರ. ತೆಂಗು ಕಳಕೊಂಡವನಿಗೆ ಆ ಒಂದು ಅಂಕೆಯ ವ್ಯತ್ಯಾಸ ದೊಡ್ಡದೇ.

ನನ್ನ ಅಭಿಪ್ರಾಯ ಸ್ಪಷ್ಟ. ಅನುಸೂಚಿ ಇಳಿಸಿದರೆ ಬಂದೂಕಿಗೆ ದಾರಿ ಆಗುತ್ತದೆ, ತೋಟಕ್ಕೆ ಕಾವಲು ಆಗುವುದಿಲ್ಲ. ಹಿಂಡಿನ ಎರಡು ದೊಡ್ಡ ಗಂಡು ಸತ್ತರೆ ಹೊರಗಿನ ಗಂಡುಗಳು ಒಳಬರುತ್ತವೆ, ಹಿಂಡು ಒಡೆದು ಎರಡಾಗಬಹುದು. ಬೊಂಡ ಕೀಳುವ ಕೈ ಕಡಿಮೆಯಾಗುವುದಿಲ್ಲ. ಹಿಡಿದು ಸಾಗಿಸಿದರೆ ಇನ್ನೊಂದು ಊರಿನವರ ತಲೆಯ ಮೇಲೆ ಹಾಕಿದಂತೆ. ಹಿಮಾಚಲ ಪ್ರದೇಶದಲ್ಲಿ 2006ರ ಸುಮಾರಿನಿಂದ ಮಂಗಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಅದು ನಿಧಾನದ, ದುಬಾರಿಯ ದಾರಿ, ಆದರೂ ತಿಂಡಿ ಹಾಕಿ ಬೆಳೆಸಿದ ಪೇಟೆಯ ಹಿಂಡುಗಳಿಗೆ ಅದನ್ನು ಯೋಚಿಸಬಹುದು. ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಪರಿಹಾರ. ಬೆಳೆ ಹೋದ ತಿಂಗಳೊಳಗೆ ಹಣ ಕೈಗೆ ಬರಲಿ. ಇಡೀ ದೇಶಕ್ಕಾಗಿ ಉಳಿಸುವ ಪ್ರಾಣಿಯ ಊಟದ ಖರ್ಚನ್ನು ಎರಡು ಎಕರೆಯವನೊಬ್ಬ ಹೊರುವುದು ನ್ಯಾಯವಲ್ಲ.

ತೊರಕೆಯ ಕಡೆ ಕಾನೂನು ನೋಡಿದ್ದು ಕಡಿಮೆ. 2001ರಲ್ಲಿ ಶಾರ್ಕ್, ತೊರಕೆ ಬಳಗದ ಹತ್ತು ಜಾತಿಗಳನ್ನು ಒಂದನೆಯ ಅನುಸೂಚಿಗೆ ಸೇರಿಸಿದರು. ಬೆನ್ನ ತುಂಬ ಮುಳ್ಳಿರುವ ಒಂದು ತೊರಕೆ ಅದರಲ್ಲಿ ಇತ್ತು, ಗರಗಸ ಮೀನುಗಳೂ ಇದ್ದವು. ಕಟ್ಟೆಯ ಮೇಲೆ ಹರಡಿದ್ದನ್ನು ನೋಡಿ ಯಾವುದು ಯಾವ ಜಾತಿ ಎಂದು ಗುರುತಿಸಬಲ್ಲವರು ಎಷ್ಟು ಜನ? ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ ಇರುತ್ತದೆ. ಮಳೆಗಾಲದಲ್ಲಿ ಮೊಟ್ಟೆ ಇಡುವ ಮೀನಿಗೆ ಅದು ದೊಡ್ಡ ಉಪಕಾರ. ತಿಂಗಳುಗಟ್ಟಲೆ ಬಸಿರು ಹೊರುವ ತೊರಕೆಗೆ ಆ ಏಳು ವಾರದಿಂದ ಸಿಗುವುದು ಬರಿಯ ಬಿಡುವು. ಗಡಿಯಾಚೆ ಕರ್ನಾಟಕದಲ್ಲಿ ನಿಷೇಧ ಜೂನ್ 1ರಿಂದಲೇ, 61 ದಿನ. ತೊರಕೆಗೆ ತಲಪಾಡಿಯ ಗಡಿ ತಿಳಿಯದು.

ಹೆದರಿಕೆಯ ವಿಷಯದಲ್ಲೂ ಎರಡು ಮಾತು ಹೇಳಲೇಬೇಕು, ಇದು ಎರಡೂ ಕಡೆಯವರಿಗೆ ಉಪಯೋಗಕ್ಕೆ ಬರುವಂಥದ್ದು. ತೊರಕೆ ಅಟ್ಟಿಸಿಕೊಂಡು ಬಂದು ಚುಚ್ಚುವುದಿಲ್ಲ. ಮೆಟ್ಟಿದರೆ, ಹಿಡಿದರೆ ಬಾಲ ಬೀಸುತ್ತದೆ. ಗರಗಸದಂಥ ಮುಳ್ಳಿನ ತೋಡುಗಳಲ್ಲಿ ವಿಷ ಇರುತ್ತದೆ. ಆ ವಿಷ ಬಿಸಿಗೆ ಶಕ್ತಿ ಕಳಕೊಳ್ಳುವಂಥದ್ದು. ಆದ್ದರಿಂದ ಕೈಕಾಲಿಗೆ ಚುಚ್ಚಿದರೆ ಸಹಿಸುವಷ್ಟು ಬಿಸಿ ನೀರಿನಲ್ಲಿ, 40ರಿಂದ 45 ಡಿಗ್ರಿ, ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿ ಇಡಬೇಕು, ಆಮೇಲೆ ಆಸ್ಪತ್ರೆ. ಎದೆ, ಕತ್ತು, ಹೊಟ್ಟೆಗೆ ನೆಟ್ಟ ಮುಳ್ಳನ್ನು ನಾವೇ ಕೀಳಬಾರದು. ಮಂಗ ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ರೇಬಿಸ್ ಚುಚ್ಚುಮದ್ದಿಗೆ ಅದೇ ದಿನ ಹೋಗಬೇಕು. ಅರಸಿನ ಹಚ್ಚಿ ಕೂರುವುದು ಬೇಡ.

ನಮ್ಮ ಕಾಸರಗೋಡು ಜಿಲ್ಲೆಯ ತೆಂಕಣ ತುದಿಯಲ್ಲಿ, ತೃಕ್ಕರಿಪುರದ ಹತ್ತಿರ, ಕವ್ವಾಯಿ ಹಿನ್ನೀರಿನ ನಡುವೆ ಎಡಯಿಲೆಕ್ಕಾಡ್ ಎಂಬ ಪುಟ್ಟ ದ್ವೀಪ ಇದೆ. ಅಲ್ಲಿಯ ನಾಗನ ಕಾವಿನಲ್ಲಿ, ಅಂದರೆ ದೇವರ ಕಾಡಿನಲ್ಲಿ, ಬಾನೆಟ್ ಮಂಗಗಳ ಒಂದು ಹಿಂಡು. ಓಣಂ ಹಬ್ಬದ ತಿರುವೋಣದ ಮರುದಿನ, ಅವಿಟ್ಟಂ ದಿವಸ, ಊರಿನ ಗ್ರಂಥಾಲಯದ ಮಕ್ಕಳು ಬಾಳೆ ಎಲೆ ಹಾಕಿ ಹಣ್ಣು ತರಕಾರಿ ಬಡಿಸಿ ಮಂಗಗಳಿಗೆ ಓಣದೂಟ ಹಾಕುತ್ತಾರೆ. ವರ್ಷವೂ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಊಟ ಹಾಕಿ ಅಭ್ಯಾಸ ಮಾಡಿಸುವುದು ಸರಿಯೇ ಎಂದು ನನಗೆ ಅನುಮಾನ ಇದೆ. ಆದರೆ ಆ ಊರಿನವರಿಗೆ ತಮ್ಮ ಹಿಂಡಿನ ಲೆಕ್ಕ ಗೊತ್ತು, ಅದು ನನಗೆ ಮುಖ್ಯ. ಸುತ್ತಲೂ ನೀರು, ಒಂದೇ ಹಿಂಡು, ಎರಡು ಬಾರಿ ಎಣಿಸಲು ಸಾಧ್ಯವಿಲ್ಲ. ಅದೇ ಕಾವಿನ ಸುತ್ತಲಿನ ಆಳವಿಲ್ಲದ ಉಪ್ಪುನೀರು ತೊರಕೆ ಮರಿಗಳಿಗೆ ಹೇಳಿ ಮಾಡಿಸಿದಂಥ ಜಾಗ. ಆ ಲೆಕ್ಕ ಇಟ್ಟವರು ಯಾರೂ ಇಲ್ಲ.

ಬಂದರಿನಲ್ಲಿ ಮೀನು ಇಳಿಸುವಾಗ ಪುಸ್ತಕದಲ್ಲಿ ‘ತೊರಕೆ’ ಎಂಬ ಒಂದೇ ಕಲಂ ಬದಲು ಮೂರು ಕಲಂ ಸಾಕು: ಚುಕ್ಕೆ ಉಂಟೋ ಇಲ್ಲವೋ, ಎಷ್ಟು ಅಗಲ, ಒಳಗೆ ಮರಿ ಇತ್ತೋ. ಕೊಯ್ಯುವ ಅಕ್ಕಂದಿರಿಗೆ ಇದು ಒಂದು ವಾರದಲ್ಲಿ ರೂಢಿಯಾಗುತ್ತದೆ. ಅವರ ಕಣ್ಣಿಗೆ ಸಮನಾದ ಕಣ್ಣು ಬೇರೆ ಯಾರಲ್ಲೂ ಇಲ್ಲ. ಮಂಗನ ಲೆಕ್ಕಕ್ಕೆ ಪಂಚಾಯತಿನ ಎಲ್ಲ ವಾರ್ಡಿನಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ ಎಣಿಸಬೇಕು.

ಇದನ್ನು ಬರೆಯುವ ಮೊದಲು ನಾವು ಸಣ್ಣ ಮಟ್ಟಿಗೆ ಒಂದು ಪ್ರಯತ್ನ ಮಾಡಿದೆವು. ನೆರೆಮನೆಯ ಅಣ್ಣ ಈಗ ಬೊಂಡದ ಬದಲು ಮಂಗಗಳನ್ನೇ ಎಣಿಸಿ ಬರೆದಿಡುತ್ತಾರೆ, ಗುರುತು ಇದ್ದರೆ ಗುರುತನ್ನೂ. ಕಳೆದ ಶನಿವಾರ ಬೆಳಿಗ್ಗೆ ಎಂಟಕ್ಕೆ ಅವರ ತೋಟದಲ್ಲಿ ಇಪ್ಪತ್ತಮೂರು, ಅದರಲ್ಲಿ ಅರ್ಧ ಬಾಲ ತುಂಡಾದ ಒಂದು ಹೆಣ್ಣು, ಹೊಟ್ಟೆಯಡಿ ಮರಿ ನೇತಾಡುತ್ತಿತ್ತು. ಹತ್ತೂವರೆಗೆ ಗುಡ್ಡದಾಚೆ ಒಂದು ಕಿಲೋಮೀಟರು ದೂರದ ನನ್ನ ತಂಗಿಯ ಮನೆಯಿಂದ ಫೋನು ಬಂತು. “ಅಣ್ಣಾ, ಇಲ್ಲಿ ಹೊಸ ಹಿಂಡು ಬಂದಿದೆ, ಇಪ್ಪತ್ತಕ್ಕಿಂತ ಮೇಲೆ ಉಂಟು” ಎಂದಳು. ಬಾಲ ತುಂಡಾದದ್ದು ಒಂದು ಉಂಟಾ ನೋಡು ಎಂದೆ. ಫೋನು ಹಿಡಿದುಕೊಂಡೇ ಅಂಗಳಕ್ಕೆ ಇಳಿದು ನೋಡಿ ಬಂದಳು.

“ಉಂಟು. ಮರಿಯೂ ಉಂಟು.”